ಯಾರ ಅಪ್ಪಣೆಯಿಂದ ಹಾಡಿದರು? ಯುರೋಪಿನ ಹಳೆಯ ಸಂಗೀತದಲ್ಲಿ ಹೆಣ್ಣಿನ ದನಿ

ಇನ್ನು ಸ್ವಲ್ಪ ಹೊತ್ತಿನಲ್ಲಿ ನೀವು ಕೇಳಲಿರುವ ಕೃತಿಗಳ ಪಟ್ಟಿ ನಿಮ್ಮ ಕೈಯಲ್ಲಿದೆ. ಹನ್ನೆರಡನೆಯ ಶತಮಾನದ ಜರ್ಮನಿಯಿಂದ ಹಿಡಿದು ಹದಿನೆಂಟನೆಯ ಶತಮಾನದ ವೆನಿಸ್ಸಿನವರೆಗೆ, ಸುಮಾರು ಆರುನೂರು ವರ್ಷಗಳ ಸಂಗೀತ ಅದರಲ್ಲಿದೆ. ಎಲ್ಲವನ್ನೂ ‘ಮಹಿಳೆಯರ ಕಥೆಗಳು’ ಎಂಬ ಒಂದೇ ತಲೆಬರಹದ ಕೆಳಗೆ ತಂದಿದ್ದಾರೆ. ಈ ತಲೆಬರಹದೊಳಗೆ ಎರಡು ಬೇರೆ ಬೇರೆ ಸಂಗತಿಗಳಿವೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು, ಹೆಣ್ಣಿನ ದುಃಖ, ಪ್ರೇಮ, ಸಾಹಸಗಳನ್ನು ಗಂಡಸರು ಕಟ್ಟಿಕೊಟ್ಟದ್ದು. ಇನ್ನೊಂದು, ಹೆಣ್ಣುಮಕ್ಕಳು ತಾವೇ ಕಟ್ಟಿದ್ದು, ತಾವೇ ಹಾಡಿದ್ದು. ಎರಡೂ ಒಂದೇ ವೇದಿಕೆಯ ಮೇಲೆ, ಒಂದೇ ಕಂಠದಲ್ಲಿ ಬರುವಾಗ ವ್ಯತ್ಯಾಸ ಮರೆಯಾಗುತ್ತದೆ. ಆದ್ದರಿಂದ ಪ್ರತಿಯೊಂದು ಹಾಡಿಗೂ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿ ಎಂದು ನಾನು ನಿಮ್ಮಲ್ಲಿ ಕೋರುತ್ತೇನೆ: ಇದನ್ನು ಹಾಡಲು ಆ ಕಾಲದಲ್ಲಿ ಯಾರ ಅಪ್ಪಣೆ ಬೇಕಿತ್ತು, ಮತ್ತು ಅದು ಯಾರ ಕಿವಿಗೆ ಮಾತ್ರ ಮೀಸಲಾಗಿತ್ತು?

ಮೊದಲ ಹೆಸರು ಜರ್ಮನಿಯ ಸನ್ಯಾಸಿನಿ ಹಿಲ್ಡೆಗಾರ್ಡ್ ಅವರದು. 1098ರಲ್ಲಿ ಹುಟ್ಟಿದ ಅವರನ್ನು ಎಳೆಯ ವಯಸ್ಸಿನಲ್ಲೇ ಧರ್ಮಕ್ಕೆ ಒಪ್ಪಿಸಿದ್ದರು. ಡಿಸಿಬೋಡೆನ್‌ಬರ್ಗ್ ಎಂಬಲ್ಲಿ ಗಂಡಸರ ಮಠಕ್ಕೆ ಅಂಟಿಕೊಂಡಿದ್ದ ಹೆಂಗಸರ ವಾಸದಲ್ಲಿ ದಶಕಗಳ ಕಾಲ ಇದ್ದು, ಅಲ್ಲಿನ ಮಠಾಧಿಪತಿಯ ವಿರೋಧವನ್ನು ಎದುರಿಸಿ, 1150ರ ಸುಮಾರಿಗೆ ತಮ್ಮ ಸನ್ಯಾಸಿನಿಯರನ್ನು ಕರೆದುಕೊಂಡು ಬಿಂಗೆನ್ ಪಟ್ಟಣದ ಬಳಿ ರೈನ್ ನದಿಯ ದಂಡೆಯಲ್ಲಿ ತಮ್ಮದೇ ಮಠವನ್ನು ಕಟ್ಟಿದರು. ಸಾಹಿತ್ಯ, ಧಾತು ಎರಡೂ ಅವರವೇ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅವರು ವಾಗ್ಗೇಯಕಾರರು. ಎಪ್ಪತ್ತಕ್ಕೂ ಹೆಚ್ಚು ಹಾಡುಗಳು ಉಳಿದಿವೆ. ಅವರ ಸಂಗೀತ ನಾಟಕದಲ್ಲಿ ಒಂದು ಜೀವವನ್ನು ಸದ್ಗುಣಗಳು ತಮ್ಮ ಕಡೆಗೂ, ಸೈತಾನನು ತನ್ನ ಕಡೆಗೂ ಸೆಳೆಯುತ್ತಾರೆ. ಸದ್ಗುಣಗಳೆಲ್ಲ ಹಾಡುತ್ತವೆ. ಸೈತಾನನಿಗೆ ಮಾತ್ರ ಅವರು ಒಂದು ಸ್ವರವನ್ನೂ ಕೊಟ್ಟಿಲ್ಲ, ಅವನು ಬರಿದೇ ಅರಚುತ್ತಾನೆ. ಸಂಗೀತ ಬಾರದಿರುವುದೇ ಅವನ ನರಕ ಎಂಬಂತೆ ಅವರು ಬರೆದಿದ್ದಾರೆ.

ಇದು ಕೇವಲ ನಾಟಕದ ಯುಕ್ತಿಯಾಗಿರಲಿಲ್ಲ ಎಂಬುದು 1178ರಲ್ಲಿ ಗೊತ್ತಾಯಿತು. ಹಿಂದೊಮ್ಮೆ ಧರ್ಮಬಹಿಷ್ಕಾರಕ್ಕೆ ಗುರಿಯಾಗಿದ್ದ ಒಬ್ಬ ಸಿರಿವಂತನ ಶವವನ್ನು ಹಿಲ್ಡೆಗಾರ್ಡ್ ತಮ್ಮ ಮಠದ ನೆಲದಲ್ಲಿ ಹೂಳಲು ಒಪ್ಪಿದ್ದರು. ಸಾಯುವ ಮೊದಲೇ ಅವನು ಪ್ರಾಯಶ್ಚಿತ್ತ ಮಾಡಿಕೊಂಡು ಚರ್ಚಿನೊಳಕ್ಕೆ ಮರಳಿದ್ದನೆಂಬುದು ಅವರ ವಾದ. ಮೈನ್ಸ್ ನಗರದ ಧರ್ಮಾಧಿಕಾರಿಗಳು ಶವವನ್ನು ಹೊರತೆಗೆಯಿರಿ ಎಂದರು, ಅವರು ತೆಗೆಯಲಿಲ್ಲ. ಅದಕ್ಕೆ ಶಿಕ್ಷೆಯಾಗಿ ಮಠದಲ್ಲಿ ಪ್ರಸಾದ ನಿಂತಿತು, ಹಾಡುವುದೂ ನಿಂತಿತು. ನಿತ್ಯದ ಪ್ರಾರ್ಥನೆಯನ್ನು ಬಾಗಿಲು ಮುಚ್ಚಿಕೊಂಡು ತಗ್ಗಿದ ದನಿಯಲ್ಲಿ ಓದಬೇಕೇ ಹೊರತು ಹಾಡಕೂಡದು ಎಂದು ಆಜ್ಞೆಯಾಯಿತು. ಎಂಬತ್ತು ವರ್ಷದ ಆ ಹೆಂಗಸು ಆಗ ಮೈನ್ಸಿನ ಅಧಿಕಾರಿಗಳಿಗೆ ಬರೆದ ಪತ್ರ ಉಳಿದಿದೆ. ಅದರಲ್ಲಿ ಅವರು ಕರುಣೆಯನ್ನು ಬೇಡುವುದಿಲ್ಲ. ಮನುಷ್ಯನು ಸ್ವರ್ಗದಲ್ಲಿ ಕಳೆದುಕೊಂಡ ದನಿಯ ನೆನಪೇ ಸಂಗೀತ, ಅದನ್ನು ಸಹಿಸಲಾರದವನು ಸೈತಾನ, ಸರಿಯಾದ ಕಾರಣವಿಲ್ಲದೆ ದೇವರ ಮನೆಯಲ್ಲಿ ಹಾಡನ್ನು ನಿಲ್ಲಿಸುವವರಿಗೆ ದೇವದೂತರ ಮೇಳದಲ್ಲಿ ಜಾಗವಿರುವುದಿಲ್ಲ ಎಂದು ಅವರನ್ನೇ ಎಚ್ಚರಿಸುತ್ತಾರೆ. 1179ರಲ್ಲಿ ನಿಷೇಧ ತೆರವಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಇಂದು ಅವರ ಹಾಡಿನಲ್ಲಿ ಮೊದಲ ಎತ್ತುಗಡೆಯೇ ಷಡ್ಜದಿಂದ ಪಂಚಮಕ್ಕೆ ಜಿಗಿಯುವಂತೆ ಮೇಲೇರುವುದನ್ನು ಕೇಳುವಾಗ, ಆ ತಿಂಗಳುಗಳಲ್ಲಿ ಅದೇ ಹಾಡನ್ನು ಪಿಸುದನಿಯಲ್ಲಿ ಓದಬೇಕಾಗಿ ಬಂದ ಸನ್ಯಾಸಿನಿಯರನ್ನು ದಯವಿಟ್ಟು ನೆನೆಯಿರಿ.

ಇಲ್ಲಿ ಒಂದು ಮಾತನ್ನು ಬದಿಗೆ ಸರಿದು ಹೇಳಬೇಕು. ಹಳೆಯ ಸಂಗೀತವೆಂದರೆ ಸ್ಥೂಲವಾಗಿ 1750ಕ್ಕಿಂತ ಹಿಂದಿನದು. ಅದನ್ನು ಆ ಕಾಲದ ಮಾದರಿಯ ವಾದ್ಯಗಳ ಮೇಲೆ, ಆ ಕಾಲದ ಬರವಣಿಗೆಯನ್ನು ಓದಿ ನುಡಿಸುವ ಪ್ರಯತ್ನವಿದು. ಆ ಬರವಣಿಗೆ ಎಲ್ಲವನ್ನೂ ಹೇಳುವುದಿಲ್ಲ. ಹಿಲ್ಡೆಗಾರ್ಡ್ ಅವರ ಹಸ್ತಪ್ರತಿಯಲ್ಲಿ ಸ್ವರವಿದೆ, ಅದು ಎಷ್ಟು ಹೊತ್ತು ನಿಲ್ಲಬೇಕೆಂಬ ಲೆಕ್ಕವಿಲ್ಲ. ಜೊತೆವಾದ್ಯ ಯಾವುದು, ಲಯದ ಗತಿ ಏನು ಎಂಬುದೂ ಇಲ್ಲ. ಅಚ್ಚಾದ ಕೀರ್ತನೆಯ ಪುಸ್ತಕವನ್ನು ಗಮಕ ಕಲಿಯದವನು ಹಿಡಿದುಕೊಂಡರೆ ಏನಾದೀತೋ ಇಲ್ಲಿಯೂ ಅದೇ ಕಷ್ಟ, ಮೇಲಾಗಿ ಕಲಿಸುವ ಗುರುಪರಂಪರೆ ನಡುವೆ ಎಲ್ಲಿಯೋ ಕಡಿದುಹೋಗಿದೆ. ಆದ್ದರಿಂದ ನೀವು ಕೇಳುವುದರಲ್ಲಿ ಅರ್ಧ ಭಾಗ ಇಂದಿನ ಕಲಾವಿದರ ವಿವೇಚನೆಯೇ ಆಗಿರುತ್ತದೆ. ಅದು ಕೊರತೆಯಲ್ಲ, ಈ ಸಂಗೀತದ ಸ್ವಭಾವವೇ ಹಾಗೆ.

ಎರಡನೆಯ ಹಾಡು ದಕ್ಷಿಣ ಫ್ರಾನ್ಸಿನ ಆಕ್ಸಿಟಾನ್ ಭಾಷೆಯದು, ಬರೆದವರು ದಿಯಾ ಎಂಬ ಊರಿನ ಕೌಂಟೆಸ್, ಎಂದರೆ ಸಾಮಂತ ಮನೆತನದ ಒಡತಿ. ಆ ನಾಡಿನ ಅರಮನೆಗಳಲ್ಲಿ ಪ್ರೇಮಗೀತೆ ಕಟ್ಟುವ ಗಂಡಸರ ನಡುವೆ ಹೆಣ್ಣು ಕವಿಗಳೂ ಇದ್ದರು. ಸುಮಾರು ಇಪ್ಪತ್ತು ಜನರ ಹೆಸರುಗಳು ಸಿಗುತ್ತವೆ. ಆದರೆ ಅವರೆಲ್ಲರ ಹಾಡುಗಳಲ್ಲಿ ಸ್ವರಸಮೇತ ಉಳಿದಿರುವುದು ಇದೊಂದೇ, ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಒಂದು ಹಸ್ತಪ್ರತಿಯಲ್ಲಿ. ಗಂಡಸರ ಪ್ರೇಮಗೀತೆಗಳಲ್ಲಿ ಹೆಣ್ಣು ಎತ್ತರದ ಉಪ್ಪರಿಗೆಯ ಮೇಲೆ ಮಾತಿಲ್ಲದೆ ನಿಂತಿರುತ್ತಾಳೆ, ಬೇಡುವವನು ಕೆಳಗಿರುತ್ತಾನೆ. ಈ ಹಾಡಿನಲ್ಲಿ ಅವಳು ಬಾಯಿ ಬಿಡುತ್ತಾಳೆ. ಹಾಡಬಾರದೆಂದುಕೊಂಡದ್ದನ್ನೇ ಹಾಡಬೇಕಾಗಿದೆ ಎಂದು ಆರಂಭಿಸಿ, ತನ್ನ ರೂಪ, ಕುಲ, ಬುದ್ಧಿ, ನಿಷ್ಠೆ ಯಾವುದೂ ಅವನ ಮುಂದೆ ಕೆಲಸಕ್ಕೆ ಬರಲಿಲ್ಲವೆಂದು ಒಂದೊಂದಾಗಿ ಎಣಿಸುತ್ತಾಳೆ. ಹಾಡನ್ನೇ ದೂತನನ್ನಾಗಿ ಕಳಿಸುತ್ತಾಳೆ. ಕೊನೆಯ ಸಾಲುಗಳಲ್ಲಿ, ಅತಿಯಾದ ಗರ್ವದಿಂದ ಕೆಟ್ಟವರು ಬಹಳ ಮಂದಿ ಎಂದು ಹೇಳಿಬಿಡು ಎನ್ನುತ್ತಾಳೆ. ಇದು ಅಳುವವಳ ದನಿಯಲ್ಲ. ನ್ಯಾಯ ಕೇಳುವವಳ ದನಿ. ಗಾಯಕಿ ಇದನ್ನು ಕಣ್ಣೀರಿನ ಹಾಡಾಗಿ ಎಳೆದರೆ ನನಗೆ ಒಪ್ಪಿಗೆಯಾಗುವುದಿಲ್ಲ ಎಂದು ಮೊದಲೇ ಹೇಳಿಡುತ್ತೇನೆ.

ಸ್ಪೇನಿನ ಬುರ್ಗೋಸ್ ನಗರದ ಲಾಸ್ ಹುಯೆಲ್ಗಾಸ್ ಸನ್ಯಾಸಿನಿಯರ ಮಠದಿಂದ ಬಂದ ಎರಡು ಚಿಕ್ಕ ಕೃತಿಗಳಿವೆ. 1187ರಲ್ಲಿ ಕ್ಯಾಸ್ಟೀಲಿನ ಅರಸ ಎಂಟನೆಯ ಅಲ್ಫೊನ್ಸೊ ಮತ್ತು ರಾಣಿ ಲಿಯೊನೋರ್ ಕಟ್ಟಿಸಿದ ಈ ಮಠದ ಅಧ್ಯಕ್ಷೆಯ ಅಧಿಕಾರ ಸುತ್ತಲಿನ ಊರುಗಳ ಮೇಲೂ ನಡೆಯುತ್ತಿತ್ತು. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಅಲ್ಲಿಗಾಗಿ ಬರೆದ ಸಂಗೀತದ ಹಸ್ತಪ್ರತಿ ಇಂದಿಗೂ ಅದೇ ಕಟ್ಟಡದಲ್ಲಿದೆ. ತೀರಿಕೊಂಡ ಅಧ್ಯಕ್ಷೆಯೊಬ್ಬರಿಗಾಗಿ ಮಠದವರು ಹಾಡಿಕೊಂಡ ಶೋಕಗೀತೆ ಅದರಲ್ಲಿದೆ. ನನಗೆ ಅದಕ್ಕಿಂತ ಪ್ರಿಯವಾದದ್ದು ಇನ್ನೊಂದು: ಇಬ್ಬರು ಸೇರಿ ಹಾಡುವ ಸ್ವರಾಭ್ಯಾಸ. ಉತ್, ರೆ, ಮಿ, ಫ ಎಂದು ಸ್ವರನಾಮಗಳನ್ನೇ ಹಿಡಿದು ಮಾಡಿದ ಪಾಠವದು. ಸರಳೆ, ಜಂಟಿ ವರಸೆಗಳನ್ನು ಹಾಡಿ ಬೆಳೆದ ನಿಮಗೆ ಅದು ಎಷ್ಟು ಹತ್ತಿರದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಶೋಕಗೀತೆ, ಸಂತರ ಸ್ತುತಿಗಳ ಪಕ್ಕದಲ್ಲಿ ಈ ಪಾಠವನ್ನೂ ಚರ್ಮದ ಹಾಳೆಯ ಮೇಲೆ ಜೋಪಾನವಾಗಿ ಬರೆದಿಟ್ಟರಲ್ಲ, ಅದರಿಂದಲೇ ಅಲ್ಲಿ ಸಂಗೀತ ಶಿಕ್ಷಣ ಎಷ್ಟು ಗಟ್ಟಿಯಾಗಿತ್ತೆಂದು ತಿಳಿಯುತ್ತದೆ.

ಈಗ ಇಟಲಿಗೆ ಬರೋಣ. ಇಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ.

ಫೆರಾರಾ ಎಂಬ ಸಣ್ಣ ರಾಜ್ಯದ ದೊರೆ ಎರಡನೆಯ ಅಲ್ಫೊನ್ಸೊ ದೆಸ್ತೆ 1579ರಲ್ಲಿ ಮಾರ್ಗರಿಟಾ ಗೊಂಜಾಗಾ ಎಂಬ ರಾಜಕುಮಾರಿಯನ್ನು ಮದುವೆಯಾದ. ಮರುವರ್ಷದಿಂದ ಅರಮನೆಯಲ್ಲಿ ಒಂದು ಹೊಸ ಮೇಳ ಸಿದ್ಧವಾಯಿತು. ಲಾರಾ ಪೆವೆರಾರಾ ಹಾಡುತ್ತಾ ಹಾರ್ಪ್ ನುಡಿಸುತ್ತಿದ್ದರು, ಅನ್ನಾ ಗ್ವಾರಿನಿ ಲ್ಯೂಟ್ ಎಂಬ ಮೀಟುವಾದ್ಯ, ಲಿವಿಯಾ ದಾರ್ಕೊ ವಯೋಲ್ ಎಂಬ ಕಮಾನಿನ ವಾದ್ಯ. ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆ ವಾದ್ಯದ ಮುಂದೆ ಕುಳಿತು ಅವರನ್ನು ನಡೆಸುತ್ತಿದ್ದವರು ಆಸ್ಥಾನದ ಸಂಗೀತಗಾರ ಲುಜ್ಜಾಸ್ಕೊ ಲುಜ್ಜಾಸ್ಕಿ. ಕಾಗದಪತ್ರಗಳಲ್ಲಿ ಆ ಹೆಂಗಸರು ಗಾಯಕಿಯರಲ್ಲ, ರಾಣಿಯ ಸಖಿಯರು. ಏಕೆಂದರೆ ಸಂಬಳ ಪಡೆದು ಹಾಡುವ ಹೆಣ್ಣಿಗೆ ಮರ್ಯಾದೆ ಇರಲಿಲ್ಲ. ಅವರು ದಿನವೂ ತಾಸುಗಟ್ಟಲೆ ಹಾಡುತ್ತಿದ್ದರು, ಆದರೆ ರಾಣಿಯ ಒಳಕೋಣೆಗಳಲ್ಲಿ, ದೊರೆ ಆರಿಸಿ ಕರೆದ ನಾಲ್ಕಾರು ಅತಿಥಿಗಳ ಮುಂದೆ. ಈ ಏರ್ಪಾಡಿಗೆ ‘ರಹಸ್ಯ ಸಂಗೀತ’ ಎಂದೇ ಹೆಸರು. ಅದರ ಕೀರ್ತಿ ಎಷ್ಟು ಹಬ್ಬಿತೆಂದರೆ ಫ್ಲಾರೆನ್ಸಿನವರೂ ಮಾಂಟುವಾದವರೂ ತಮ್ಮಲ್ಲಿಯೂ ಅಂಥ ಮೇಳಗಳನ್ನು ಕಟ್ಟಿದರು. ಸಂಗೀತವನ್ನು ಮಾತ್ರ ದೊರೆ ಹೊರಗೆ ಬಿಡಲಿಲ್ಲ. ಅವನು 1597ರಲ್ಲಿ ವಾರಸುದಾರನಿಲ್ಲದೆ ಸತ್ತು ರಾಜ್ಯವು ಪೋಪನ ವಶವಾದ ಮೇಲೆ, 1601ರಲ್ಲಿ ಲುಜ್ಜಾಸ್ಕಿ ಆ ಹಾಡುಗಳನ್ನು ರೋಮಿನಲ್ಲಿ ಅಚ್ಚು ಹಾಕಿಸಿದರು. ಆಗ ಮೇಳ ಚದುರಿಹೋಗಿತ್ತು.

ಆ ಪುಸ್ತಕವನ್ನು ನೋಡಿದವರಿಗೆ ಒಂದು ವಿಶೇಷ ತಕ್ಷಣ ಕಣ್ಣಿಗೆ ಬೀಳುತ್ತದೆ. ಆ ಕಾಲದ ಅಚ್ಚಿನಲ್ಲಿ ಸಾಮಾನ್ಯವಾಗಿ ಬರಿಯ ಸ್ವರಗಳಿರುತ್ತವೆ, ಅಲಂಕಾರವನ್ನು ಗಾಯಕರೇ ಸ್ಥಳದಲ್ಲಿ ಸೇರಿಸಬೇಕು. ಇಲ್ಲಿಯಾದರೋ ಒಂದು ಅಕ್ಷರದ ಮೇಲೆ ಹತ್ತಿಪ್ಪತ್ತು ಸ್ವರಗಳ ಬಿರುಕೆಗಳನ್ನು, ಎಂದರೆ ವೇಗದ ಸ್ವರದೋಟಗಳನ್ನು, ಪೂರ್ತಿಯಾಗಿ ಬರೆದಿದ್ದಾರೆ, ಮೂರು ಕಂಠಗಳು ಒಂದನ್ನೊಂದು ಅಟ್ಟಿಕೊಂಡು ಹೋಗಿ ಕೊನೆಗೆ ಒಟ್ಟಾಗಿ ಬಂದು ನಿಲ್ಲುವ ಬಗೆಯನ್ನೂ ಬರೆದಿದ್ದಾರೆ. ಅಚ್ಚಿನ ಮೇಲಿರುವ ಹೆಸರು ಲುಜ್ಜಾಸ್ಕಿಯವರದು. ಆದರೆ ಆ ಬಿರುಕೆಗಳಲ್ಲಿ ಲಾರಾ, ಅನ್ನಾ, ಲಿವಿಯಾ ಅವರ ಗಂಟಲುಗಳ ಅಳತೆ ಇದೆ ಎಂದು ನಾನು ದೃಢವಾಗಿ ನಂಬುತ್ತೇನೆ. ಸುಮಾರು ಹದಿನೇಳು ವರ್ಷ ಅವರು ಮುಚ್ಚಿದ ಕೋಣೆಯಲ್ಲಿ ಹಾಡಿ ಹದಗೊಳಿಸಿದ್ದೇ ಕಾಗದಕ್ಕೆ ಇಳಿದಿದೆ. ಮೇಳಕ್ಕೆ ಒತ್ತಾಸೆಯಾಗಿದ್ದ ವಿದುಷಿ ತಾರ್ಕ್ವೀನಿಯಾ ಮೊಲ್ಜಾ ಅವರನ್ನು ಸಂಗೀತಗಾರನೊಬ್ಬನೊಡನೆ ಪ್ರೇಮವಿದೆಯೆಂಬ ಕಾರಣಕ್ಕೆ 1589ರಲ್ಲಿ ಆಸ್ಥಾನದಿಂದ ಹೊರಹಾಕಿದರು. ಅನ್ನಾ ಗ್ವಾರಿನಿಯವರ ಗತಿ ಇನ್ನೂ ಘೋರವಾದದ್ದು. ರಕ್ಷಣೆ ಕೊಡುತ್ತಿದ್ದ ದೊರೆ ಸತ್ತ ಮರುವರ್ಷವೇ, 1598ರಲ್ಲಿ, ಗಂಡನೇ ಅವರನ್ನು ಕೊಂದ. ಅರಮನೆಯ ಗೋಡೆ ಅವರನ್ನು ಕಟ್ಟಿಹಾಕಿತ್ತು ಎಂಬುದು ಎಷ್ಟು ನಿಜವೋ, ಕಾಪಾಡಿತ್ತು ಎಂಬುದೂ ಅಷ್ಟೇ ನಿಜ. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳದಿದ್ದರೆ ಈ ಚರಿತ್ರೆ ನಮಗೆ ದಕ್ಕುವುದಿಲ್ಲ.

ಗೋಡೆಯ ಆಸರೆಯಿಲ್ಲದೆ ಬೀದಿಯ ಕಡೆಯಿಂದ ಬಂದವರು ಮದ್ದಲೇನಾ ಕಸುಲಾನಾ. 1568ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಅವರ ನಾಲ್ಕು ಧ್ವನಿಗಳ ಮ್ಯಾಡ್ರಿಗಲ್ (ಹಲವು ಕಂಠಗಳು ಸೇರಿ ಹಾಡುವ ಗೀತೆ) ಸಂಗ್ರಹವು ಯುರೋಪಿನಲ್ಲಿ ಒಬ್ಬ ಮಹಿಳೆಯ ಹೆಸರಿನಲ್ಲಿ ಹೊರಬಂದ ಮೊದಲ ಸಂಗೀತ ಪುಸ್ತಕ. ಅದನ್ನು ಇಸಬೆಲ್ಲಾ ದೆ ಮೆಡಿಚಿ ಅವರಿಗೆ ಅರ್ಪಿಸುತ್ತಾ, ಬುದ್ಧಿಶಕ್ತಿ ತಮ್ಮೊಬ್ಬರ ಸೊತ್ತೆಂದೂ ಹೆಂಗಸರಿಗೆ ಅದು ಸಿಗಲಾರದೆಂದೂ ಗಂಡಸರು ತಿಳಿದಿರುವ ಪೊಳ್ಳು ತಪ್ಪನ್ನು ಲೋಕಕ್ಕೆ ತೋರಿಸಬೇಕೆಂಬುದೇ ತಮ್ಮ ಬಯಕೆ ಎಂದು ಅವರು ನೇರವಾಗಿ ಬರೆದರು. ಅರ್ಪಣೆಯ ಪತ್ರದಲ್ಲಿ ಬಾಗುವುದು ವಾಡಿಕೆಯಾಗಿದ್ದ ಕಾಲದಲ್ಲಿ ಹೀಗೆ ಬರೆದದ್ದನ್ನು ಗಮನಿಸಿ. ಅದೇ ವರ್ಷ ಮ್ಯೂನಿಕ್ಕಿನಲ್ಲಿ ನಡೆದ ಬವೇರಿಯಾದ ರಾಜವಿವಾಹದಲ್ಲಿ ಅಲ್ಲಿನ ಆಸ್ಥಾನ ಸಂಗೀತಗಾರ ಓರ್ಲಾಂಡೊ ದಿ ಲಾಸ್ಸೊ ಅವರ ನೇತೃತ್ವದಲ್ಲಿ ಕಸುಲಾನಾ ಅವರ ಒಂದು ಕೃತಿಯನ್ನು ಹಾಡಲಾಯಿತು. ಅದರ ಸಂಗೀತ ಉಳಿದಿಲ್ಲ.

1583ರ ಅವರ ಐದು ಧ್ವನಿಗಳ ಪುಸ್ತಕದ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಆಗ ಎಲ್ಲ ಧ್ವನಿಗಳನ್ನೂ ಒಂದೇ ಪುಟದಲ್ಲಿ ಅಚ್ಚು ಹಾಕುತ್ತಿರಲಿಲ್ಲ, ಒಂದೊಂದು ಧ್ವನಿಗೂ ಒಂದೊಂದು ಬಿಡಿ ಪುಸ್ತಕ. ಐದರಲ್ಲಿ ಒಂದು ಕಳೆದರೂ ಉಳಿದ ನಾಲ್ಕು ಹಾಡಾಗುವುದಿಲ್ಲ. ಇದರ ಆಲ್ಟೊ ಎಂಬ ನಡುವಿನ ಧ್ವನಿಯ ಪುಸ್ತಕ ಪೋಲೆಂಡಿನ ಗ್ಡಾನ್ಸ್ಕ್ ನಗರದ ಗ್ರಂಥಾಲಯದಲ್ಲಿತ್ತು, ಎರಡನೆಯ ಮಹಾಯುದ್ಧದ ಗಲಭೆಯಲ್ಲಿ ಕಾಣೆಯಾಯಿತು. ಸಂಗೀತ ವಿದ್ವಾಂಸೆ ಲಾರಿ ಸ್ಟ್ರಾಸ್ ಅದನ್ನು ಮಾಸ್ಕೋದಲ್ಲಿರುವ ರಷ್ಯಾದ ರಾಜ್ಯ ಗ್ರಂಥಾಲಯದಲ್ಲಿ ಪತ್ತೆ ಮಾಡಿದರು. 2022ರಲ್ಲಿ ಆ ಹಾಡುಗಳಲ್ಲಿ ಕೆಲವು ಮತ್ತೆ ಐದೂ ಧ್ವನಿಗಳಲ್ಲಿ ಬಾನುಲಿಯಲ್ಲಿ ಕೇಳಿಬಂದವು. ಇಂದು ಹಾಡುವ ಮ್ಯಾಡ್ರಿಗಲ್ ಆ ಪುಸ್ತಕದ್ದೇ. ಮಧ್ಯದಲ್ಲಿ ನಿಂತ ಗಾಯಕಿಯ ಸಾಲು ಮೇಲಕ್ಕೆ ಎದ್ದು ಕೇಳುವುದಿಲ್ಲ, ಆದರೆ ಸ್ವರಗಳ ಕರ್ಕಶವೂ ಅದರ ಬಿಡುಗಡೆಯೂ ಬಹುಪಾಲು ಅಲ್ಲಿಯೇ ಇರುತ್ತದೆ, ಕಿವಿಗೊಡಿ.

ಮುಂದಿನ ಎರಡು ಕೃತಿಗಳನ್ನು ಬೇಕೆಂದೇ ಅಕ್ಕಪಕ್ಕ ಇಟ್ಟಿದ್ದಾರೆ. ಮೊದಲನೆಯದು ಕ್ಲಾಡಿಯೊ ಮಾಂಟೆವರ್ಡಿ 1638ರಲ್ಲಿ ಪ್ರಕಟಿಸಿದ, ಪ್ರಿಯನಿಂದ ದೂರವಾದ ಅಪ್ಸರೆಯ ಪ್ರಲಾಪ. ಕೆಳಗೆ ನಾಲ್ಕೇ ಸ್ವರಗಳು ಒಂದರ ಕೆಳಗೊಂದು ಇಳಿಯುತ್ತಾ, ಮುಗಿದೊಡನೆ ಮತ್ತೆ ಆರಂಭವಾಗುತ್ತಾ ಕೊನೆಯವರೆಗೂ ನಡೆಯುತ್ತವೆ. ಮೇಲೆ ಅವಳು ತನ್ನ ಪಾಡಿಗೆ ತಾನು ತಡವಾಗಿ, ಬೇಗನೆ, ಅಡ್ಡಾದಿಡ್ಡಿಯಾಗಿ ಹಾಡುತ್ತಾಳೆ. ಮೂವರು ಗಂಡಸರು ಸುತ್ತ ನಿಂತು ‘ಪಾಪ, ಅಭಾಗಿನಿ’ ಎನ್ನುತ್ತಾರೆ. ಗಂಡಸರು ಕೈತಾಳಕ್ಕೆ ಹಾಡಬೇಕು, ಅವಳು ಮಾತ್ರ ಮನಸ್ಸಿನ ಭಾವದ ಗತಿಗೆ ಹಾಡಬೇಕು, ಕೈತಾಳಕ್ಕಲ್ಲ ಎಂದು ಮಾಂಟೆವರ್ಡಿ ಅಚ್ಚಿನಲ್ಲಿಯೇ ಸೂಚನೆ ಕೊಟ್ಟಿದ್ದಾರೆ. ಎಂಥ ಸೂಕ್ಷ್ಮ ಮನಸ್ಸು ಅದು! ಆದರೂ ಅವಳ ಕಥೆಯನ್ನು ತೆರೆಯುವವರೂ ಮುಚ್ಚುವವರೂ ಆ ಮೂವರೇ. ಅವರು ಮರುಗುತ್ತಾರೆ, ಯಾರೂ ಅವಳೊಡನೆ ಮಾತನಾಡುವುದಿಲ್ಲ.

ಎರಡನೆಯದು ವೆನಿಸ್ಸಿನ ಬಾರ್ಬರಾ ಸ್ಟ್ರೋಜ್ಜಿ 1659ರಲ್ಲಿ ಪ್ರಕಟಿಸಿದ ‘ಲಾಗ್ರಿಮೆ ಮಿಯೆ’, ಎಂದರೆ ‘ನನ್ನ ಕಣ್ಣೀರೇ’. ಮನೆಗೆಲಸದಾಕೆಯ ಮಗಳಾಗಿ ಹುಟ್ಟಿ, ಕವಿ ಜೂಲಿಯೊ ಸ್ಟ್ರೋಜ್ಜಿಯ ದತ್ತುಪುತ್ರಿಯಾಗಿ ಬೆಳೆದ ಅವರು ತಂದೆಯ ಮನೆಯ ವಿದ್ವತ್ ಗೋಷ್ಠಿಗಳಲ್ಲಿ ಹಾಡುತ್ತಿದ್ದರು, ಹಾಗೆ ಹಾಡಿದ್ದಕ್ಕೆ ಅವರ ನಡತೆಯ ಮೇಲೆ ಕೊಳಕು ವಿಡಂಬನೆಗಳು ಹುಟ್ಟಿಕೊಂಡವು. 1644ರ ಮೊದಲ ಪುಸ್ತಕದ ಅರ್ಪಣೆಯಲ್ಲಿ, ನಿಂದೆಯ ಸಿಡಿಲುಗಳಿಂದ ಈ ಕೃತಿಗೆ ರಕ್ಷಣೆ ಸಿಗಲಿ ಎಂದು ಅವರು ಕೋರುವಾಗ ಆ ಅನುಭವ ಹಿಂದಿತ್ತು. ಅಲ್ಲಿಂದ 1664ರವರೆಗೆ ಎಂಟು ಪುಸ್ತಕಗಳು ಅವರ ಹೆಸರಿನಲ್ಲಿ ಬಂದವು. ಚರ್ಚಿನ ಕೆಲಸವಾಗಲಿ, ಖಾಯಂ ಆಶ್ರಯದಾತನಾಗಲಿ ಅವರಿಗೆ ಇರಲಿಲ್ಲ, ನಾಲ್ವರು ಮಕ್ಕಳನ್ನು ಸಾಕಬೇಕಿತ್ತು.

ಈ ಹಾಡಿನ ಮೊದಲ ಸಾಲನ್ನು ಹತ್ತಿರದಿಂದ ಕೇಳಿ. ಕೆಳಗಿನ ವಾದ್ಯ ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತದೆ. ಅದನ್ನು ಷಡ್ಜವೆಂದು ಭಾವಿಸಿಕೊಳ್ಳಿ. ಗಾಯಕಿ ತಾರ ಷಡ್ಜದಿಂದ ಹೊರಟು ಕಾಕಲಿ ನಿಷಾದದ ಮೇಲೆ ಬಹಳ ಹೊತ್ತು ನಿಂತು, ಅಲ್ಲಿಂದ ಶುದ್ಧ ಧೈವತಕ್ಕೆ ಜಾರಿ, ಪಂಚಮಕ್ಕೆ ಇಳಿಯುತ್ತಾರೆ. ಮಾಯಾಮಾಳವಗೌಳದಲ್ಲಿ ಪಾಠ ಆರಂಭಿಸಿದ ನಮ್ಮ ಕಿವಿಗೆ ಆ ನಿಷಾದ ಧೈವತಗಳ ನಡುವಿನ ಅಗಲ ಅಪರಿಚಿತವಲ್ಲ. ರಾಗದ ಸಾದೃಶ್ಯ ಅಲ್ಲಿಗೇ ನಿಲ್ಲುತ್ತದೆ, ಆದರೆ ಆಧಾರಸ್ವರಕ್ಕೆ ಉಜ್ಜಿಕೊಂಡು ನಿಂತ ಆ ನಿಷಾದದ ನೋವು ನಮಗೂ ಅದೇ. ಹಾಡಿನ ಸಾಹಿತ್ಯದಲ್ಲಿ ಮಾತನಾಡುವವನು ಗಂಡು. ಅವನತ್ತ ಒಮ್ಮೆ ಕನಿಕರದಿಂದ ನೋಡಿದ್ದಕ್ಕೆ ಲಿಡಿಯಾಳನ್ನು ಅವಳ ತಂದೆ ಎರಡು ಗೋಡೆಗಳ ನಡುವೆ ಕೂಡಿಹಾಕಿದ್ದಾನೆ. ಗೋಡೆಯ ಒಳಗಿನ ಹೆಣ್ಣಿಗೆ ಇಲ್ಲಿಯೂ ದನಿಯಿಲ್ಲ. ಆದರೆ ಅವಳಿಗಾಗಿ ಅಳುವ ಗಂಡಿನ ಇಡೀ ದನಿಯನ್ನು ಒಬ್ಬ ಹೆಣ್ಣು ಕಟ್ಟಿದ್ದಾಳೆ, ಇಂದು ಒಬ್ಬ ಹೆಣ್ಣೇ ಹಾಡುತ್ತಾಳೆ. ನನ್ನ ಮಟ್ಟಿಗೆ ಇಂದಿನ ಸಂಜೆಯ ಅತ್ಯಂತ ದೊಡ್ಡ ಕೃತಿ ಇದೇ.

ಇಂಗ್ಲೆಂಡಿನ ಭಾಗ ಚಿಕ್ಕದು. ಹೆನ್ರಿ ಪರ್ಸೆಲ್ಲರ ‘ಡೈಡೊ ಅಂಡ್ ಈನಿಯಸ್’ ಗೀತನಾಟಕದ ಕೊನೆಯ ಪ್ರಲಾಪವನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಚೆಲ್ಸಿಯಲ್ಲಿ ನೃತ್ಯಗುರು ಜೋಸಿಯಾಸ್ ಪ್ರೀಸ್ಟ್ ನಡೆಸುತ್ತಿದ್ದ ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ಹುಡುಗಿಯರು ಇದನ್ನು ಆಡಿದ್ದರೆಂಬುದನ್ನು ಮಾತ್ರ ನೆನಪಿಸುತ್ತೇನೆ.

ಪ್ಯಾರಿಸ್ಸಿನ ಎಲಿಜಬೆತ್ ಜಾಕೆ ದ ಲಾ ಗೇರ್ 1665ರಲ್ಲಿ ವಾದ್ಯ ತಯಾರಕರೂ ಸಂಗೀತಗಾರರೂ ಆಗಿದ್ದವರ ಮನೆಯಲ್ಲಿ ಹುಟ್ಟಿದರು. ಬಾಲ್ಯದಲ್ಲಿಯೇ ಹದಿನಾಲ್ಕನೆಯ ಲೂಯಿಯ ಮುಂದೆ ಹಾರ್ಪ್ಸಿಕಾರ್ಡ್ ನುಡಿಸಿ ಹಾಡಿದ ಅವರಿಗೆ ಅರಸನ ಮೆಚ್ಚುಗೆ ಕೊನೆಯವರೆಗೂ ಇತ್ತು. ಇಲ್ಲಿ ಅಪ್ಪಣೆ ಸಾಕ್ಷಾತ್ ಸಿಂಹಾಸನದಿಂದಲೇ ಬಂದದ್ದು. ಪ್ಯಾರಿಸ್ಸಿನ ರಾಜಮನ್ನಣೆಯ ರಂಗಮಂದಿರದಲ್ಲಿ 1694ರಲ್ಲಿ ಅವರ ಗೀತನಾಟಕ ನಡೆಯಿತು. ಫ್ರಾನ್ಸಿನ ಮಹಿಳೆಯೊಬ್ಬರದು ಅಲ್ಲಿ ನಡೆದದ್ದು ಅದೇ ಮೊದಲು. ಅದು ಗೆಲ್ಲಲಿಲ್ಲ. ಗಂಡ, ಒಬ್ಬನೇ ಮಗ ಇಬ್ಬರನ್ನೂ ಕಳೆದುಕೊಂಡ ಮೇಲೆ ಅವರು 1708ರಲ್ಲಿ ಬೈಬಲ್ಲಿನ ಕಥೆಗಳ ಮೇಲೆ ಗೀತಪ್ರಬಂಧಗಳನ್ನು ಪ್ರಕಟಿಸಿದರು. ಎಸ್ತರ್, ಸುಸನ್ನಾ, ಜೂಡಿತ್ ಅದರಲ್ಲಿದ್ದಾರೆ. ಶತ್ರು ಸೇನಾಪತಿಯ ತಲೆ ಕಡಿದು ತನ್ನ ಊರನ್ನು ಉಳಿಸಿದ ಜೂಡಿತ್ತಳ ಕಥೆಯಲ್ಲಿ ಅವನು ನಿದ್ದೆಗೆ ಜಾರುವುದನ್ನು ವಾದ್ಯಗಳೇ ನುಡಿಸುತ್ತವೆ; ಮೆತ್ತನೆಯ ಆ ನಿದ್ರಾಸಂಗೀತದ ನಂತರ ಅವಳ ಪ್ರಾರ್ಥನೆ ಬರುತ್ತದೆ. ಕಥೆ ಹೇಳುವವಳೂ ಜೂಡಿತ್ತಳೂ ಒಬ್ಬಳೇ ಗಾಯಕಿ. ಅಪ್ಸರೆಯ ಸುತ್ತ ನಿಂತಿದ್ದ ಮೂವರು ಗಂಡಸರು ಇಲ್ಲಿಲ್ಲ.

ಕೊನೆಯ ಭಾಗ ವೆನಿಸ್ಸಿನ ಅನಾಥಾಲಯಗಳದು. ಅಲ್ಲಿ ಹೆಣ್ಣುಮಕ್ಕಳಿಗೆ ಸಂಗೀತ ಕಲಿಸಿ, ಅವರ ಹಾಡುಗಾರಿಕೆಯಿಂದ ಬರುವ ದಾನದಿಂದ ಸಂಸ್ಥೆಯನ್ನು ನಡೆಸುವ ಪದ್ಧತಿಯಿತ್ತು. ಪಿಯೆತಾ ಎಂಬ ಸಂಸ್ಥೆಯಲ್ಲಿ ವಿವಾಲ್ಡಿ 1703ರಿಂದ ಪಿಟೀಲು ಕಲಿಸಿದರು. ಮಗುವನ್ನು ಬಿಟ್ಟುಹೋಗುವ ತಾಯಿ ಕೆಲವೊಮ್ಮೆ ಪದಕವನ್ನೋ ಚಿತ್ರವನ್ನೋ ಎರಡು ತುಂಡು ಮಾಡಿ, ಮುಂದೆ ಬಂದು ಗುರುತಿಸಬಹುದೆಂಬ ಆಸೆಯಿಂದ, ಒಂದನ್ನು ಮಗುವಿನೊಡನೆ ಇಡುತ್ತಿದ್ದಳು. ಆ ಹುಡುಗಿಯರಿಗೆ ಮನೆತನದ ಹೆಸರಿರಲಿಲ್ಲ, ವಾದ್ಯವೇ ಹೆಸರಾಯಿತು: ಪಿಟೀಲಿನ ಅನ್ನಾ ಮರಿಯಾ ಎಂದು ಇಡೀ ಯುರೋಪು ಬಲ್ಲ ಕಲಾವಿದೆ ಅಂಥವರಲ್ಲಿ ಒಬ್ಬರು. ಚರ್ಚಿನ ಮೇಲಂತಸ್ತಿನಲ್ಲಿ ಕಬ್ಬಿಣದ ಜಾಲರಿಯ ಹಿಂದೆ ನಿಂತು ಅವರು ಹಾಡುತ್ತಿದ್ದರು, ನುಡಿಸುತ್ತಿದ್ದರು, ಗಂಡಸರ ಪಾತ್ರಗಳನ್ನೂ ತಾವೇ ಹಾಡುತ್ತಿದ್ದರು.

ಅಂಥದೇ ಇನ್ನೊಂದು ಸಂಸ್ಥೆಯಾದ ಮೆಂಡಿಕಾಂಟಿಯಲ್ಲಿ ಬೆಳೆದವರು ಮದ್ದಲೇನಾ ಲೊಂಬಾರ್ದಿನಿ. ಅವರಿಗೆ ಪಾದುವಾದ ಪಿಟೀಲು ವಿದ್ವಾಂಸ ಜುಸೆಪ್ಪೆ ತಾರ್ತಿನಿ 1760ರಲ್ಲಿ ಬರೆದ ಪಾಠದ ಪತ್ರ ಪ್ರಸಿದ್ಧವಾಗಿದೆ: ಖಾಲಿ ತಂತಿಯ ಮೇಲೆ ಕಮಾನನ್ನಿಟ್ಟು, ಕೇಳಿಯೂ ಕೇಳದಂಥ ದನಿಯಿಂದ ಆರಂಭಿಸಿ ಮೆಲ್ಲನೆ ಹಿಗ್ಗಿಸು, ಮತ್ತೆ ಹಾಗೆಯೇ ಕುಗ್ಗಿಸು, ಇದನ್ನು ದಿನಕ್ಕೆ ಒಂದು ಗಂಟೆಯಾದರೂ ಮಾಡು. 1767ರಲ್ಲಿ ಅವರು ಲೊದೊವಿಕೊ ಸಿರ್ಮೆನ್ ಎಂಬ ಪಿಟೀಲುವಾದಕನನ್ನು ಮದುವೆಯಾಗಿ ಜಾಲರಿಯಿಂದ ಹೊರಬಂದು, ಪ್ಯಾರಿಸ್ಸಿನಲ್ಲಿಯೂ ಲಂಡನ್ನಿನಲ್ಲಿಯೂ ಸಾರ್ವಜನಿಕ ವೇದಿಕೆಯ ಮೇಲೆ ನುಡಿಸಿದರು. ಇಂದಿನ ಕೊನೆಯ ಕೃತಿ ಅವರ ತಂತಿವಾದ್ಯಗಳ ಚತುಷ್ಟಯ. ಅದು 1750ರ ಗೆರೆಯನ್ನು ಸ್ವಲ್ಪ ದಾಟಿದೆ. ಅದು ನನಗೆ ತೊಡಕಲ್ಲ.

ಮಹಿಳೆಯರ ಕಥೆಗಳ ಕಚೇರಿಯಲ್ಲಿ ಕಥೆಯೇ ಇಲ್ಲದ ಈ ವಾದ್ಯಕೃತಿ ಏಕೆ ಎಂದು ನಿಮಗೆ ಅನ್ನಿಸಬಹುದು. ಇಲ್ಲಿ ಪರಿತ್ಯಕ್ತೆಯಿಲ್ಲ, ಸಂತಳಿಲ್ಲ, ಖಡ್ಗ ಹಿಡಿದ ವೀರಳೂ ಇಲ್ಲ. ನಾಲ್ಕು ವಾದ್ಯಗಳಿಗೆ ಹೇಗೆ ಬರೆಯಬೇಕೆಂದು ಚೆನ್ನಾಗಿ ಬಲ್ಲ ಒಬ್ಬ ಸಂಗೀತಗಾರ್ತಿ ಇದ್ದಾರೆ, ಅಷ್ಟೇ. ಅದು ಈ ಪಟ್ಟಿಯಲ್ಲಿ ಇರಲೇಬೇಕೆಂದು ನಾನು ವಾದಿಸುತ್ತೇನೆ, ಏಕೆಂದರೆ ಹೆಣ್ಣು ಬರೆದದ್ದೆಲ್ಲವೂ ಹೆಣ್ಣಿನ ಅಳಲನ್ನೇ ಹೇಳಬೇಕೆಂದು ನಾವು ಬಯಸುವುದೂ ಇನ್ನೊಂದು ಬಗೆಯ ಅಪ್ಪಣೆಯೇ ಆಗುತ್ತದೆ. 1769ರಲ್ಲಿ ಪ್ಯಾರಿಸ್ಸಿನಲ್ಲಿ ಆರು ಚತುಷ್ಟಯಗಳು ಅಚ್ಚಾದಾಗ ಅದರ ಮುಖಪುಟದಲ್ಲಿ ಗಂಡನ ಹೆಸರು ಮೊದಲು, ಅವರ ಹೆಸರು ಅನಂತರ ಇತ್ತು. ಇವು ಅವರದೇ ರಚನೆಗಳೆಂದು ವಿದ್ವಾಂಸರು ಈಗ ಒಪ್ಪುತ್ತಾರೆ. ನಿಮ್ಮ ಕೈಯಲ್ಲಿರುವ ಪಟ್ಟಿಯ ಕೊನೆಯ ಸಾಲಿನಲ್ಲಿ ಮದ್ದಲೇನಾ ಲೊಂಬಾರ್ದಿನಿ ಸಿರ್ಮೆನ್ ಎಂಬ ಹೆಸರೊಂದೇ ಇದೆ.